ಉತ್ತರ ಹೊಳೆಯದಿದ್ದರೂ ಬೇಡ ಅನ್ನಬಹುದು

ಚೆನ್ನಾಗಿ ಓದಿದವರು, ಬುದ್ಧಿವಂತರು, ಆದರೂ ಎದುರಿನವರು ಸ್ವಲ್ಪ ತರ್ಕಬದ್ಧವಾಗಿ ಮಾತಾಡಿದರೆ ಸಾಕು, ಒಪ್ಪಿಬಿಡುತ್ತಾರೆ. ಇಂಥವರು ನನ್ನ ಹತ್ತಿರ ಕೌನ್ಸೆಲಿಂಗಿಗೆ ಬರುತ್ತಲೇ ಇರುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

ಅಂಥವರಲ್ಲಿ ಒಬ್ಬರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಯಾರದೋ ಮಾತು ಕೇಳಿ ಬಿಪಿ ಮಾತ್ರೆ ಬಿಟ್ಟಿದ್ದರು. ಆಮೇಲೆ ಸಾಲ ಮಾಡಿ, ಹೊಸಬರನ್ನು ಸೇರಿಸಿದರೆ ದುಡ್ಡು ಕೊಡುವ ಒಂದು ಚೈನ್ ಸ್ಕೀಮಿಗೆ ಸೇರಿದ್ದರು. ಕರೆದುಕೊಂಡು ಬಂದ ಹೆಂಡತಿ, "ಇವರಿಗೆ ವಾದ ಮಾಡೋದು ಕಲಿಸಿ ಮೇಡಂ" ಅಂದರು.

ಮೇಷ್ಟ್ರು ಕೇಳಿದ್ದು ಬೇರೆಯೇ. "ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದೆ ಬೇಡ ಅನ್ನೋದು ಮೊಂಡುತನ ಅಲ್ವಾ?"

"ಒಬ್ಬ ಹುಡುಗ ಬೋರ್ಡಿನ ಮೇಲೆ 1 = 2 ಅಂತ ಸಾಧಿಸಿ ತೋರಿಸಿದ ಅಂದುಕೊಳ್ಳಿ. ತಪ್ಪು ಎಲ್ಲಿದೆ ಅಂತ ನಿಮಗೆ ತಕ್ಷಣ ಕಾಣಲಿಲ್ಲ. ಒಪ್ಪಿಕೊಳ್ತೀರಾ?"

"ಛೇ, ಇಲ್ಲ. ಎಲ್ಲೋ ಸೊನ್ನೆಯಿಂದ ಭಾಗಿಸಿರ್ತಾನೆ, ಹುಡುಕ್ತೀನಿ."

"ಸಿಗೋ ತನಕ?"

"ಸಿಗೋ ತನಕವೂ ಒಂದು ಒಂದೇ, ಎರಡು ಎರಡೇ" ಅಂದವರು ಸುಮ್ಮನಾದರು. ಆಮೇಲೆ ನನ್ನ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಒಬ್ಬೊಬ್ಬರು ಐದೈದು ಜನರನ್ನು ಸೇರಿಸುತ್ತಾ ಹೋದರೆ 13ನೇ ಹಂತಕ್ಕೇ 122 ಕೋಟಿ ಜನ ಬೇಕು. "ಸ್ಕೀಮಿನವರ ಮೀಟಿಂಗಿನಲ್ಲಿ ಇದು ಯಾಕೆ ಹೊಳೀಲಿಲ್ಲ ಮೇಡಂ?" ಅಂತ ಕೇಳುವಾಗ ಅವರ ಕಣ್ಣು ತುಂಬಿತ್ತು.

ಹೊಳೆಯುವುದಿಲ್ಲ. ಮಾತಾಡುವವನು ಅದೇ ಮಾತನ್ನು ಎಷ್ಟೋ ಜನರ ಮುಂದೆ ಆಡಿ ಪಳಗಿದವನು, ಯಾವ ಪ್ರಶ್ನೆಗೆ ಏನು ಹೇಳಬೇಕು ಅಂತ ಮೊದಲೇ ಸಿದ್ಧವಾಗಿ ಬಂದಿರುತ್ತಾನೆ, ಕೇಳುವವರು ಮಾತ್ರ ಅವತ್ತೇ ಮೊದಲು ಕೇಳುತ್ತಿರುತ್ತಾರೆ. ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುವ ಸ್ಕೀಮುಗಳನ್ನು ನಮ್ಮಲ್ಲಿ 1978ರ ಕಾನೂನೇ ನಿಷೇಧಿಸಿದೆ. ಆ ಹಾಲ್‌ನಲ್ಲಿ ಅದನ್ನು ಯಾರು ಹೇಳುತ್ತಾರೆ?

ಅದಕ್ಕೇ ವಾದ ಕಲಿಸಲು ನಾನು ಒಪ್ಪಲಿಲ್ಲ. ಕಲಿತರೂ, ಅವರಿಗಿಂತ ಚೆನ್ನಾಗಿ ವಾದ ಮಾಡುವವನು ನಾಳೆ ಸಿಕ್ಕೇ ಸಿಗುತ್ತಾನೆ. ದುಡ್ಡು, ಸಹಿ, ಔಷಧಿ ಈ ಮೂರರಲ್ಲಿ ಮಾತು ಕೇಳಿದ ದಿನವೇ ತೀರ್ಮಾನ ಬೇಡ, ಅದರಿಂದ ಲಾಭ ಇಲ್ಲದ ಒಬ್ಬರನ್ನು ಕೇಳಿ, ಮಾತ್ರೆಯ ವಿಷಯ ಡಾಕ್ಟರ ಹತ್ತಿರವೇ ಮಾತಾಡಿ ಅಂದೆ. "ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಆದರೂ ಬೇಡ" ಅಂತ ಅವರ ಬಾಯಲ್ಲಿ ಜೋರಾಗಿ ಹೇಳಿಸಿದೆ. ಮೊದಲ ಸಲ ದನಿಯೇ ಏಳಲಿಲ್ಲ ಅವರಿಗೆ.

ಹೀಗೆ ಹೇಳಿಕೊಟ್ಟರೆ ಜನ ಹೊಸ ವಿಚಾರವನ್ನೇ ಕೇಳಿಸಿಕೊಳ್ಳುವುದಿಲ್ಲ ಅಂತ ಕೆಲವರು ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಕೇಳಲಿ, ಓದಲಿ, ವರ್ಷಗಟ್ಟಲೆ ಯೋಚಿಸಿ ಮನಸ್ಸು ಬದಲಾಯಿಸಲಿ, ಬೇಡ ಅಂದವರು ಯಾರು? ಅವತ್ತೇ ದುಡ್ಡು ಕಟ್ಟಬೇಡಿ ಅಂತಷ್ಟೇ ನಾನು ಹೇಳುವುದು.

ಮೇಷ್ಟ್ರು ಡಾಕ್ಟರನ್ನು ಕಂಡು ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಸ್ಕೀಮಿಗೆ ತಾವೇ ಸೇರಿಸಿದ್ದ ಸಹೋದ್ಯೋಗಿಗಳಿಗೆ ವಿಷಯ ತಿಳಿಸುವುದು ಇನ್ನೂ ಬಾಕಿ ಇದೆ. ಮುಂದಿನ ಸಲ ಅದರ ಬಗ್ಗೆಯೇ ಮಾತಾಡಬೇಕು.