ಸೊನ್ನೆ ತೋರಿಸುವ ಮಾಪಕವನ್ನು ನಂಬಬಹುದೇ?

ಪ್ರಶ್ನೆ: ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ, ಸ್ಪೆಂಟ್ ವಾಶ್‌ನಿಂದ (ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ದ್ರವ ತ್ಯಾಜ್ಯ) ಬಯೋಗ್ಯಾಸ್ ತಯಾರಿಸುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ನನಗೆ ಕೊಟ್ಟಿರುವ ಹೈಡ್ರೋಜನ್ ಸಲ್ಫೈಡ್ ಮಾಪಕ ಸದಾ ಸೊನ್ನೆಯನ್ನೇ ತೋರಿಸುತ್ತದೆ. ಕೊಳವೆಯ ಬಯೋಗ್ಯಾಸ್‌ಗೇ ಹಿಡಿದಾಗ ಅಂಕಿ ಮಿತಿ ಮೀರಿ ಏರಿ, ಆಮೇಲೆ ತಾನಾಗಿ ಇಳಿಯಿತು. ಇದೇಕೆ? ಕೊಳೆತ ಮೊಟ್ಟೆಯ ವಾಸನೆ ನಮಗೇ ತಿಳಿಯುವಾಗ ಮಾಪಕ ಬೇಕೇ?
– ಓದುಗರು, ಮುಧೋಳ

ಉತ್ತರ: ಕೊನೆಯ ಪ್ರಶ್ನೆ ಜೀವಕ್ಕೆ ಸಂಬಂಧಿಸಿದ್ದು, ಅದನ್ನೇ ಮೊದಲು ನೋಡೋಣ. ಅತ್ಯಲ್ಪ ಪ್ರಮಾಣದಲ್ಲಿದ್ದಾಗ ಮೂಗಿಗೆ ತಟ್ಟನೆ ತಿಳಿಯುವ ಈ ಅನಿಲ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ) ಆಸುಪಾಸಿಗೆ ಏರಿದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಕೆಲವು ನಿಮಿಷಗಳಲ್ಲಿ ಉಡುಗಿಸಿಬಿಡುತ್ತದೆ. ಗಾಳಿಗಿಂತ ಭಾರವಾದ್ದರಿಂದ ಗುಂಡಿ, ತೊಟ್ಟಿಗಳ ತಳದಲ್ಲಿ ತಂಗುತ್ತದೆ. ವಾಸನೆ ನಿಂತಿತೆಂದು ಅಲ್ಲಿಗೆ ಇಳಿಯುವುದು ಪ್ರಾಣಕ್ಕೇ ಅಪಾಯ. ಮಾಪಕ ಬೇಕೇ ಬೇಕು.

ನಿಮ್ಮ ಮಾಪಕದೊಳಗಿನ ವಿದ್ಯುತ್ ರಾಸಾಯನಿಕ ಸಂವೇದಕದಲ್ಲಿ ಸಾಮಾನ್ಯವಾಗಿ ಮೂರು ಇಲೆಕ್ಟ್ರೋಡುಗಳೂ ಅವುಗಳ ನಡುವೆ ಗಂಧಕಾಮ್ಲದ ದ್ರಾವಣವೂ ಇರುತ್ತವೆ. ಸಣ್ಣ ರಂಧ್ರದ ಮೂಲಕ ಒಳಹೊಕ್ಕ ಹೈಡ್ರೋಜನ್ ಸಲ್ಫೈಡ್ ಒಂದು ಇಲೆಕ್ಟ್ರೋಡಿನ ಮೇಲೆ ಉತ್ಕರ್ಷಣೆಗೊಂಡು, ಪ್ರತಿ ಅಣುವಿಗೆ 8 ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಎದುರಿನ ಇಲೆಕ್ಟ್ರೋಡಿನಲ್ಲಿ ಆಮ್ಲಜನಕವು ಆ ಇಲೆಕ್ಟ್ರಾನುಗಳನ್ನು ಪಡೆದು ನೀರಾಗುತ್ತದೆ. ಮೂರನೆಯದು ವಿಭವವನ್ನು (ವೋಲ್ಟೇಜನ್ನು) ಸ್ಥಿರವಾಗಿಡುತ್ತದೆ. ಹೀಗೆ ಹರಿಯುವ ಅತಿ ಸಣ್ಣ ವಿದ್ಯುತ್ತು ಅನಿಲದ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ. ಕೊಳವೆಯ ಬಯೋಗ್ಯಾಸ್‌ನಲ್ಲಿ ಮುಖ್ಯವಾಗಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಇರುತ್ತವೆ, ಆಮ್ಲಜನಕ ಇರುವುದಿಲ್ಲವೆಂದೇ ಹೇಳಬೇಕು. ದ್ರಾವಣದಲ್ಲಿ ಕರಗಿದ್ದ ಅಲ್ಪಸ್ವಲ್ಪ ಆಮ್ಲಜನಕ ಮುಗಿಯುತ್ತಿದ್ದಂತೆ ಕ್ರಿಯೆ ಕುಂಟುತ್ತದೆ. ನೀವು ಕಂಡ ಇಳಿಕೆಗೆ ಇದೇ ಕಾರಣವಿರಬೇಕು. ಜೊತೆಗೆ, ಕಚ್ಚಾ ಬಯೋಗ್ಯಾಸ್‌ನಲ್ಲಿ ಸಾವಿರಾರು ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಇರಬಹುದು. 100 ಪಿಪಿಎಂ ಮಟ್ಟಕ್ಕೆ ರೂಪಿಸಿದ ಸಂವೇದಕ ಅದರಿಂದ ಹಾಳಾಗಲೂಬಹುದು. ಕೊಳವೆಯ ಅನಿಲವನ್ನು ಅಳೆಯಲು, ಮಾದರಿಗೆ ಗೊತ್ತಾದ ಪ್ರಮಾಣದ ಗಾಳಿ ಬೆರೆಸಿ ತೆಳುಗೊಳಿಸುವ ಪ್ರತ್ಯೇಕ ವಿಶ್ಲೇಷಕವನ್ನೇ ಬಳಸಬೇಕು.

ಇನ್ನು ಸೊನ್ನೆಯ ಮಾತು. ಶುದ್ಧ ಗಾಳಿಯಲ್ಲಿ ಒಳ್ಳೆಯ ಸಂವೇದಕವೂ ಸೊನ್ನೆ ತೋರಿಸುತ್ತದೆ, ಸತ್ತದ್ದೂ ಸೊನ್ನೆ ತೋರಿಸುತ್ತದೆ. ಬಾಗಲಕೋಟೆ ಸೀಮೆಯ ಏಪ್ರಿಲ್–ಮೇ ತಿಂಗಳ ಒಣ ಬಿಸಿಲಿನಲ್ಲಿ ದ್ರಾವಣದ ನೀರು ಆರುತ್ತದೆ. ಧೂಳು ರಂಧ್ರವನ್ನು ಮುಚ್ಚುತ್ತದೆ. ಗೊತ್ತಾದ ಪ್ರಮಾಣದ, ಉದಾಹರಣೆಗೆ 25 ಪಿಪಿಎಂನ, ಪರೀಕ್ಷಾ ಅನಿಲವನ್ನು ಹಾಯಿಸಿ, ಅಂಕಿ ಏರುವುದನ್ನೂ ಅಲಾರಂ ಕೂಗುವುದನ್ನೂ ಕಣ್ಣಾರೆ ಕಾಣದೆ ಅದನ್ನು ನಂಬಬಾರದು. ಕೆಲಸಕ್ಕೆ ಇಳಿಯುವ ಪ್ರತಿದಿನವೂ ಈ ಪರೀಕ್ಷೆ ನಡೆಯಲಿ. ಇಂತಹ ಸಂವೇದಕದ ಆಯುಷ್ಯ ಸಾಮಾನ್ಯವಾಗಿ 2–3 ವರ್ಷ. ಒಮ್ಮೆಯೂ ಅಲಾರಂ ಕೂಗದಿದ್ದರೂ ತಯಾರಕರು ನಮೂದಿಸಿದ ದಿನಾಂಕಕ್ಕೆ ಬದಲಿಸಲು ಮೇಲ್ವಿಚಾರಕರಿಗೆ ಲಿಖಿತವಾಗಿ ಕೇಳಿ.