‘ಏನು ಬರೆಯಲಿ?’ ಎಂದು ಕೇಳುವ ಮಗುವಿಗೆ

ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳಿಗೆ ಬರೆಯಲು ಎಂಥ ವಿಷಯ ಕೊಡಬೇಕು? ಪೋಷಕರು ಮತ್ತು ಶಿಕ್ಷಕರು ಕೇಳಿದ ಪ್ರಶ್ನೆಗಳಿಗೆ, ಹಲವು ವರ್ಷ ಈ ವಯಸ್ಸಿನ ಮಕ್ಕಳಿಗೆ ಭಾಷೆ ಕಲಿಸಿದ ಶಿಕ್ಷಕಿಯೊಬ್ಬರ ಉತ್ತರ.

ಪ್ರಶ್ನೆ: ಮಗಳು ಎರಡನೇ ತರಗತಿ. ಶಾಲೆಯಿಂದ ಬಂದವಳು ಮಲಗುವವರೆಗೂ ಮಾತು ನಿಲ್ಲಿಸುವುದಿಲ್ಲ. ‘ಮಳೆಗಾಲ’ದ ಬಗ್ಗೆ ಹತ್ತು ಸಾಲು ಬರೆ ಎಂದರೆ ಮಾತ್ರ ‘ಮಳೆ ಬರುತ್ತದೆ. ಮಳೆ ನನಗೆ ಇಷ್ಟ. ಮಳೆ ಒಳ್ಳೆಯದು’ ಎಂದು ಬರೆದು ಪೆನ್ಸಿಲ್ ಕೆಳಗಿಡುತ್ತಾಳೆ. ಅವಳಿಗೆ ಹೊಂದುವ ವಿಷಯಗಳನ್ನು ಸೂಚಿಸುತ್ತೀರಾ?

ಸೂಚಿಸುತ್ತೇನೆ. ಅದಕ್ಕೆ ಮೊದಲು ನಿಮ್ಮ ಮಗಳ ಪರವಾಗಿ ಒಂದು ಮಾತು. ಮಳೆಯ ಬಗ್ಗೆ ಅವಳಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತು, ಅದು ಅವಳಿಗೂ ಗೊತ್ತು. ಗೊತ್ತಿರುವವರ ಮುಂದೆ ಗೊತ್ತಿರುವುದನ್ನೇ ಹತ್ತು ಸಾಲು ಹೇಳಲು ಯಾರಿಗೆ ಮನಸ್ಸು ಬಂದೀತು? ಮೂರು ಸಾಲು ಬರೆದದ್ದೇ ಅವಳ ದೊಡ್ಡ ಮನಸ್ಸು.

ವಿಷಯ ಆರಿಸುವಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರ ಉತ್ತರ ನನಗೆ ಮೊದಲೇ ಗೊತ್ತಿದೆಯೇ? ಗೊತ್ತಿದ್ದರೆ ಆ ವಿಷಯವನ್ನು ಕೈಬಿಡುತ್ತೇನೆ. ‘ನಾಯಿ’ ಎಂದು ಕೊಟ್ಟರೆ ಸಾಕುಪ್ರಾಣಿ, ನಾಲ್ಕು ಕಾಲು, ಒಂದು ಬಾಲ ಎಂದು ಸಾಲುಗಳು ತಾವಾಗಿಯೇ ಬಂದು ನಿಲ್ಲುತ್ತವೆ. ‘ನಾಯಿಗೆ ಹೆದರಿ ನೀನು ಯಾವಾಗಲಾದರೂ ಓಡಿದ್ದೀಯಾ? ಎಲ್ಲಿಗೆ ಓಡಿದೆ?’ ಎಂದು ಕೇಳಿದರೆ ಉತ್ತರ ಮಗುವಿನ ಬಳಿ ಮಾತ್ರ ಇರುತ್ತದೆ. ಆಗ ಕಾಗದದ ಮುಂದೆ ಕೂತವಳು ಗೊತ್ತಿರುವವಳು, ನಾವು ಕೇಳುವವರು.

ನನ್ನ ತರಗತಿಗಳಲ್ಲಿ ಚೆನ್ನಾಗಿ ಫಲ ಕೊಟ್ಟ ಕೆಲವು ಎಳೆಗಳು ಇವು. ನಿನ್ನ ಮೈಮೇಲಿರುವ ಒಂದು ಗಾಯದ ಗುರುತು ಹೇಗೆ ಬಂತು? (ಈ ವಯಸ್ಸಿನಲ್ಲಿ ಗಾಯದ ಕಲೆಯಿಲ್ಲದ ಮಂಡಿಯನ್ನು ನಾನು ನೋಡಿದ್ದು ಕಡಿಮೆ.) ನಿನ್ನ ಶಾಲಾ ಚೀಲದ ತಳದಲ್ಲಿ ಏನೇನು ಬಿದ್ದಿದೆ, ಒಂದೊಂದೂ ಅಲ್ಲಿಗೆ ಹೇಗೆ ಬಂತು? ದೀಪ ಆರಿಸಿದ ಮೇಲೆ ನಿನಗೆ ಕೇಳಿಸುವ ಸದ್ದುಗಳು ಯಾವುವು? ದೊಡ್ಡವರು ಮಾಡಿದ ಯಾವ ನಿಯಮ ನಿನಗೆ ಅನ್ಯಾಯ ಎನಿಸುತ್ತದೆ? ಕೊನೆಯದನ್ನು ಕೊಡುವ ಮುನ್ನ ಸ್ವಲ್ಪ ಗಟ್ಟಿಯಾಗಿ ಕುಳಿತುಕೊಳ್ಳಿ. ಮೂರು ಸಾಲಿನ ಮಕ್ಕಳು ಎರಡು ಪುಟ ಬರೆಯುವುದು ಇಲ್ಲಿಯೇ.

ಇನ್ನೊಂದು ಬಗೆ, ಹೇಳಿಕೊಡುವ ಬರವಣಿಗೆ. ಹಲ್ಲುಜ್ಜುವುದು ಹೇಗೆ ಎಂದು ಏನೂ ತಿಳಿಯದವನಿಗೆ ಬರೆದು ತಿಳಿಸಲಿ. ಅವಳು ಬರೆದದ್ದನ್ನು ನೀವು ಅಕ್ಷರಶಃ ಮಾಡಿ ತೋರಿಸಿ. ‘ಪೇಸ್ಟ್ ಹಚ್ಚಬೇಕು, ಉಜ್ಜಬೇಕು’ ಎಂದಷ್ಟೇ ಇದ್ದರೆ ಪೇಸ್ಟನ್ನು ಮೊಣಕೈಗೆ ಹಚ್ಚಿ ಉಜ್ಜಿಕೊಳ್ಳಿ. ಬಿದ್ದು ಬಿದ್ದು ನಕ್ಕ ಮೇಲೆ ಅವಳೇ ಕಾಗದ ಕಿತ್ತುಕೊಂಡು ‘ಬ್ರಷ್‌ಗೆ’ ಎಂದು ಸೇರಿಸುತ್ತಾಳೆ. ಬರೆದದ್ದನ್ನು ತಿದ್ದುವುದು ಎಂದರೇನು ಎಂದು ಮಗುವಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮಾತು ಧಾರಾಳವಾಗಿರುವವಳ ಬರವಣಿಗೆ ಯಾಕೆ ಇಷ್ಟು ಜುಗ್ಗ ಎಂಬುದಕ್ಕೂ ಕಾರಣಗಳಿವೆ. ಏಳು ವರ್ಷದ ಕೈಗೆ ಅಕ್ಷರ ಮೂಡಿಸುವುದೇ ಒಂದು ದುಡಿಮೆ. ಒತ್ತಕ್ಷರ ಎಲ್ಲಿ, ಕೊಂಬು ಯಾವ ಕಡೆ ಎಂದು ಯೋಚಿಸುವಷ್ಟರಲ್ಲಿ ವಾಕ್ಯದ ಬಾಲ ಮನಸ್ಸಿನಿಂದ ಜಾರಿಹೋಗಿರುತ್ತದೆ. ಆದ್ದರಿಂದ ಬರೆಯುವ ಮುಂಚೆ ವಾಕ್ಯವನ್ನು ಬಾಯಿಬಿಟ್ಟು ಹೇಳಲಿ, ಪದಗಳನ್ನು ಬೆರಳಲ್ಲಿ ಎಣಿಸಲಿ, ಆಮೇಲೆ ಪೆನ್ಸಿಲ್ ಹಿಡಿಯಲಿ. ಇನ್ನೊಂದು ಕಾರಣ, ಮಾತಾಡುವಾಗ ಎದುರಿಗಿರುವವರು ‘ಹೂಂ’, ‘ಆಮೇಲೆ?’ ಎನ್ನುತ್ತಾರೆ, ಕಾಗದ ಏನೂ ಅನ್ನುವುದಿಲ್ಲ. ಕೆನಡಾದ ಸಂಶೋಧಕರಾದ ಕಾರ್ಲ್ ಬೆರೈಟರ್ ಮತ್ತು ಮಾರ್ಲೀನ್ ಸ್ಕಾರ್ಡಮಾಲಿಯಾ 1987ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಎಳೆಯ ಬರಹಗಾರರು ತಲೆಗೆ ಹೊಳೆದದ್ದನ್ನು ಹೊಳೆದಂತೆ ಬರೆಯುತ್ತಾ ಹೋಗುತ್ತಾರೆ, ಹೊಳೆಯುವುದು ನಿಂತಾಗ ಬರೆಯುವುದೂ ನಿಲ್ಲುತ್ತದೆ. ಹಾಗೆ ನಿಂತ ಮಕ್ಕಳಿಗೆ ‘ಇನ್ನೂ ಸ್ವಲ್ಪ ಬರೆ’ ಎಂದಷ್ಟೇ ಹೇಳಿದಾಗಲೂ ಅವರು ಮುಂದುವರಿಸಿದರು. ನೀವು ಪಕ್ಕದಲ್ಲಿ ಕುಳಿತು ‘ಆಮೇಲೆ?’ ಎನ್ನುವ ಕೆಲಸ ಮಾಡಿ. ವಾಕ್ಯ ಹೇಳಿಕೊಡುವ ಕೆಲಸ ಬೇಡ.

ಪ್ರಶ್ನೆ: ‘ನಾನು ಹಕ್ಕಿಯಾಗಿದ್ದರೆ’ ಎಂದು ವಿಷಯ ಕೊಟ್ಟೆ. ಮೊಮ್ಮಗ ‘ಹಾರುತ್ತಿದ್ದೆ’ ಎಂದು ಬರೆದು ಆಟಕ್ಕೆ ಓಡಿದ. ಅವನಿಗೆ ಕಲ್ಪನೆಯೇ ಇಲ್ಲವೇ?

ಅಜ್ಜನವರೇ, ಮೊಮ್ಮಗನ ಉತ್ತರ ಸರಿಯಾಗಿಯೇ ಇದೆ. ಹಕ್ಕಿ ಹಾರದೆ ಇನ್ನೇನು ಮಾಡುತ್ತದೆ? ಇಡೀ ಆಕಾಶವನ್ನು ಬಿಟ್ಟುಕೊಟ್ಟರೆ ಎಲ್ಲಿಂದ ಶುರು ಮಾಡುವುದೆಂದು ದೊಡ್ಡವರಿಗೂ ತೋಚುವುದಿಲ್ಲ. ಕಲ್ಪನೆಗೆ ಒಂದು ಇಕ್ಕಟ್ಟು ಬೇಕು. ‘ನೀನು ಹಕ್ಕಿ. ಆದರೆ ನಿನಗೆ ಎತ್ತರ ಕಂಡರೆ ಭಯ. ಇವತ್ತು ಗೂಡಿನಿಂದ ಇಳಿಯಲೇಬೇಕು’ ಎಂದು ಕೊಟ್ಟು ನೋಡಿ.

ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊಡಾರಿ 1970ರ ದಶಕದಲ್ಲಿ ಶಿಕ್ಷಕರಿಗೆ ಒಂದು ಆಟ ಹೇಳಿಕೊಟ್ಟರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳನ್ನು ತೆಗೆದುಕೊಂಡು ಜೋಡಿಸುವುದು, ಜೋಡಿಸುವ ಬಗೆ ಬದಲಾದಂತೆಲ್ಲ ಹೊಸ ಕಥೆ. ಅವರ ಭಾಷೆಯಲ್ಲಿ ಇದಕ್ಕೆ ಬೇರೆ ಬೇರೆ ಸಣ್ಣ ಪದಗಳು ಬೇಕು. ಕನ್ನಡದಲ್ಲಿ ನಮ್ಮ ವಿಭಕ್ತಿ ಪ್ರತ್ಯಯಗಳೇ ಸಾಕು. ಆನೆ ಮತ್ತು ಕೊಡೆ ಎಂದುಕೊಳ್ಳಿ. ಆನೆಗೆ ಕೊಡೆ: ಯಾರು ಹೊಲಿದರು, ಎಷ್ಟು ಬಟ್ಟೆ ಹಿಡಿಯಿತು? ಕೊಡೆಯಲ್ಲಿ ಆನೆ: ಒಳಗೆ ಹೇಗೆ ಹೊಕ್ಕಿತು? ಆನೆಯ ಕೊಡೆ: ಕಳೆದುಹೋದರೆ ಹುಡುಕಿಕೊಡುವವರು ಯಾರು? ಕೊಡೆಯಿಂದ ಆನೆ: ಇದನ್ನು ನಾನು ವಿವರಿಸಲಾರೆ, ಆದರೆ ಒಬ್ಬ ಹುಡುಗ ಕೊಡೆ ಬಿಚ್ಚಿದಾಗಲೆಲ್ಲ ಒಂದೊಂದು ಆನೆ ಉದುರುವ ಕಥೆ ಬರೆದಿದ್ದ. ಮುಂದಿನ ತರಗತಿಗಳಲ್ಲಿ ಮಕ್ಕಳು ಬಾಯಿಪಾಠ ಮಾಡಿ ಬೇಸತ್ತುಹೋಗುವ ಅದೇ ಪ್ರತ್ಯಯಗಳು ಇವು. ಪದಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಯಲ್ಲಿ ಹಾಕಿಡಿ. ಮೊಮ್ಮಗ ಎರಡು ಚೀಟಿ ಎತ್ತಲಿ, ನೀವೂ ಎರಡು ಎತ್ತಿ ಬರೆಯಿರಿ. ತಾತನೂ ತಲೆ ಕೆರೆದುಕೊಳ್ಳುವುದನ್ನು ನೋಡಿದರೆ ಅವನಿಗೆ ಧೈರ್ಯ ಬರುತ್ತದೆ.

ಪ್ರಶ್ನೆ: ನಾನು ಒಂದನೇ ತರಗತಿಯ ಶಿಕ್ಷಕಿ. ಅರ್ಧದಷ್ಟು ಮಕ್ಕಳಿಗೆ ಅಕ್ಷರಗಳೇ ಪೂರ್ತಿ ಬಂದಿಲ್ಲ. ಅವರಿಗೂ ಬರೆಯಲು ವಿಷಯ ಕೊಡಬಹುದೇ, ಕಾಗುಣಿತ ಮುಗಿಯುವವರೆಗೆ ಕಾಯಬೇಕೇ?

ಕಾಯಬೇಡಿ. ಅಕ್ಷರ ಕಲಿಕೆ ತನ್ನ ಪಾಡಿಗೆ ನಡೆಯುತ್ತಿರಲಿ. ಹೇಳಲು ಏನಾದರೂ ಇರುವುದು ಬೇರೆಯೇ ಕಲಿಕೆ, ಅದು ಅಕ್ಷರಕ್ಕಾಗಿ ಕಾದು ಕೂರುವುದಿಲ್ಲ. ಮಗು ಚಿತ್ರ ಬರೆಯಲಿ, ಅದರ ಬಗ್ಗೆ ಒಂದು ವಾಕ್ಯ ಹೇಳಲಿ, ನೀವು ಅದನ್ನು ಚಿತ್ರದ ಕೆಳಗೆ ಬರೆಯಿರಿ. ಮಗು ಹೇಳಿದ ಪದಗಳನ್ನೇ ಬರೆಯಿರಿ, ಚಂದಗೊಳಿಸಲು ಹೋಗಬೇಡಿ. ತನ್ನ ಬಾಯಿಂದ ಬಂದದ್ದು ಕಾಗದದ ಮೇಲೆ ನಿಂತಿದೆ ಎಂಬ ಬೆರಗು ಅದಕ್ಕೆ ಸಿಗಬೇಕು.

ಅಮೆರಿಕದ ಶಿಕ್ಷಕಿ ವಿವಿಯನ್ ಗಸಿನ್ ಪೇಲಿ ಇದನ್ನು ಒಂದು ಹೆಜ್ಜೆ ಮುಂದೆ ಒಯ್ದರು. ಪುಟ್ಟ ಮಕ್ಕಳು ಹೇಳಿದ ಕಥೆಯನ್ನು ಬರೆದುಕೊಂಡು, ಅದೇ ದಿನ ಎಲ್ಲರೂ ಸೇರಿ ಅದನ್ನು ಅಭಿನಯಿಸುವಂತೆ ಮಾಡುತ್ತಿದ್ದರು. ‘ನಾಯಿ ಬಂತು, ಓಡಿಹೋಯಿತು’ ಎಂಬ ಎರಡು ವಾಕ್ಯವಾದರೂ ಸರಿ, ಒಬ್ಬರು ನಾಯಿಯಾಗಿ ಬಂದು ಓಡಿಹೋಗಬೇಕು. ಮರುದಿನ ಕಥೆ ಹೇಳಲು ಎಷ್ಟು ಕೈ ಮೇಲೇಳುತ್ತವೆ ನೋಡಿ.

ತರಗತಿಗೆ ವಿಷಯ ಕೊಡುವಾಗ ಒಂದು ಎಚ್ಚರ ಇರಲಿ. ‘ನನ್ನ ಅಪ್ಪ’, ‘ರಜೆಯಲ್ಲಿ ನಾನು ಹೋದ ಊರು’ ಇಂಥವು ನಿರಪಾಯಕಾರಿ ಎನಿಸುತ್ತವೆ. ಅಪ್ಪ ಇಲ್ಲದ, ಎಲ್ಲಿಗೂ ಹೋಗದ ಮಗುವಿಗೆ ಆ ಅರ್ಧ ಗಂಟೆ ಬಹಳ ಉದ್ದ. ಯಾವಾಗಲೂ ಎರಡು ವಿಷಯ ಕೊಡಿ, ‘ಇದು ಬೇಡವಾದರೆ ನಿನ್ನದೇ ಇನ್ನೊಂದು’ ಎಂಬ ಬಾಗಿಲೂ ತೆರೆದಿರಲಿ. ಈ ತಪ್ಪನ್ನು ಸ್ವತಃ ಮಾಡಿ ತಿಳಿದುಕೊಂಡವಳು ನಾನು.

ಪ್ರಶ್ನೆ: ಮಗ ಖುಷಿಯಿಂದ ಬರೆಯುತ್ತಾನೆ, ಆದರೆ ಸಾಲಿಗೆ ನಾಲ್ಕು ಕಾಗುಣಿತದ ತಪ್ಪು. ಕೆಂಪು ಶಾಯಿಯಲ್ಲಿ ತಿದ್ದಬೇಕೇ?

ತಿದ್ದಬೇಕು, ಆದರೆ ಅಲ್ಲಿ ಅಲ್ಲ, ಆಗ ಅಲ್ಲ. ಮೊದಲು ಕಥೆಗೆ ಉತ್ತರ ಕೊಡಿ: ನಗಿ, ಹೆದರಿ, ಮುಂದೇನಾಯಿತು ಎಂದು ಕೇಳಿ. ತಪ್ಪುಗಳನ್ನು ನಿಮ್ಮ ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಮರುದಿನ ಬೇರೆ ಹಾಳೆಯಲ್ಲಿ ಒಂದೇ ಬಗೆಯದನ್ನು ಹಿಡಿಯಿರಿ. ‘ಹಕ್ಕಿ’ಯನ್ನು ‘ಹಕಿ’ ಎಂದು ಬರೆದಿದ್ದರೆ ಆ ವಾರ ಒತ್ತಕ್ಷರ ಮಾತ್ರ, ಮಹಾಪ್ರಾಣಗಳಿಗೆ ಆಮೇಲೆ ಸರದಿ. ಅವನ ತಪ್ಪುಗಳನ್ನು ಜೋರಾಗಿ ಓದಿ ನೋಡಿ, ಅನೇಕವು ಕಿವಿಗೆ ಕೇಳಿದಂತೆ ಬರೆದವು. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ರೀಡ್ 1971ರಲ್ಲಿ ಇಂಗ್ಲಿಷ್ ಮಾತಾಡುವ ಪುಟ್ಟ ಮಕ್ಕಳು ತಾವೇ ಕಟ್ಟಿಕೊಂಡ ಕಾಗುಣಿತದಲ್ಲಿ ಉಚ್ಚಾರಣೆಯನ್ನು ಅನುಸರಿಸುವ ಒಂದು ಕ್ರಮವಿರುತ್ತದೆ ಎಂದು ತೋರಿಸಿದ್ದರು. ಮಗ ಅಡ್ಡಾದಿಡ್ಡಿ ಬರೆಯುತ್ತಿಲ್ಲ, ತನ್ನದೇ ಒಂದು ಲೆಕ್ಕ ಹಾಕುತ್ತಿದ್ದಾನೆ. ಮೊದಲ ಪುಟದಲ್ಲೇ ಕೆಂಪು ಶಾಯಿ ಹರಿದರೆ ಮುಂದಿನ ಬಾರಿ ಅವನು ಖಚಿತವಾಗಿ ಬರುವ ಪದಗಳನ್ನು ಮಾತ್ರ ಬಳಸುತ್ತಾನೆ. ‘ಮಳೆ ಒಳ್ಳೆಯದು’ ಎಂಬಂಥ ವಾಕ್ಯಗಳು ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಪ್ರಶ್ನೆ: ದಿನಕ್ಕೊಂದರಂತೆ ವರ್ಷಕ್ಕಾಗುವಷ್ಟು ವಿಷಯಗಳ ಪಟ್ಟಿ ಸಿಕ್ಕಿದೆ. ಪ್ರತಿದಿನ ಬರೆಸಬಹುದೇ?

ವಾರಕ್ಕೆ ಎರಡು ಮೂರು ದಿನ, ಹತ್ತು ಹದಿನೈದು ನಿಮಿಷ ಸಾಕು. ಇಷ್ಟು ಸಾಲು ಎಂಬ ಲೆಕ್ಕ ಬೇಡ. ಪಟ್ಟಿಯಿಂದ ಮಗುವೇ ಆರಿಸಲಿ. ಒಂದೇ ವಿಷಯವನ್ನು ನಾಲ್ಕು ದಿನ ಮುಂದುವರಿಸುತ್ತೇನೆ ಎಂದರೆ ಪಟ್ಟಿಯನ್ನು ಕಪಾಟಿಗೆ ಸೇರಿಸಿ.

ಪ್ರಶ್ನೆ: ಮೂರನೇ ತರಗತಿಯ ಮಗಳು ಯಾವ ವಿಷಯ ಕೊಟ್ಟರೂ ‘ನನಗೆ ಬರೆಯಲು ಇಷ್ಟವಿಲ್ಲ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಪುಸ್ತಕ ಮುಚ್ಚುತ್ತಾಳೆ. ಏನು ಮಾಡಲಿ?

ಮೊದಲು ಕೈ ನೋಡಿ. ಸ್ವಲ್ಪ ಬರೆದರೂ ಬೆರಳು ನೋಯುತ್ತದೆಯೇ, ಓರಗೆಯವರಿಗಿಂತ ಅಕ್ಷರ ಮೂಡಿಸುವುದೇ ತೀರಾ ಕಷ್ಟವಾಗುತ್ತಿದೆಯೇ, ಹೇಳುವುದಕ್ಕೂ ಬರೆಯುವುದಕ್ಕೂ ಅಜಗಜಾಂತರವೇ? ಹಾಗಿದ್ದರೆ ಶಿಕ್ಷಕರೊಂದಿಗೆ ಮಾತಾಡಿ, ಕಲಿಕೆಯ ತೊಂದರೆಗಳನ್ನು ಬಲ್ಲ ತಜ್ಞರಿಗೆ ತೋರಿಸಿ. ಅದನ್ನು ಸೋಮಾರಿತನ ಎಂದು ಬೈದು ಕಳೆದುಕೊಳ್ಳುವ ವರ್ಷಗಳು ದುಬಾರಿ.

ಅಂಥದ್ದೇನೂ ಇಲ್ಲದಿದ್ದರೆ, ನಿಮ್ಮ ಮಗಳು ಆಗಲೇ ಒಂದು ವಾಕ್ಯ ಬರೆದಿದ್ದಾಳೆ. ಅದೂ ಯಾರೂ ಹೇಳಿಕೊಡದ, ಮನಸ್ಸಿನಿಂದ ಬಂದ ವಾಕ್ಯ. ಅವಳು ಮಲಗಿದ ಮೇಲೆ ಅದರ ಕೆಳಗೆ ನಿಮ್ಮ ಕೈಬರಹದಲ್ಲಿ ‘ನನಗೂ ನಿನ್ನ ವಯಸ್ಸಿನಲ್ಲಿ ಇಷ್ಟವಿರಲಿಲ್ಲ. ನಿನಗೆ ಯಾಕೆ?’ ಎಂದು ಬರೆಯಿರಿ. ಇಷ್ಟವಿತ್ತು ಎಂದಾದರೆ ಅದನ್ನೇ ಬರೆಯಿರಿ, ಸುಳ್ಳು ಬೇಡ. ಪುಸ್ತಕವನ್ನು ಅವಳ ಚೀಲದ ಪಕ್ಕ ತೆರೆದಿಟ್ಟು, ಪೆನ್ಸಿಲ್ ಚೂಪು ಮಾಡಿ ಇಡಿ. ಬೆಳಿಗ್ಗೆ ಆ ಬಗ್ಗೆ ಬಾಯಿ ಬಿಡಬೇಡಿ.