ಹೃದಯದ ಸುತ್ತಲಿನ ನೀರು ತೆಗೆದ ಮೇಲೆ ಗಾಳಿ ಸೇರಿದೆ ಅಂದರು, ಇದು ಅಪಾಯವಾ?

ನಿಮ್ಮ ತಂದೆಯವರಿಗೆ ಹೃದಯದ ಸುತ್ತ ತುಂಬಿದ್ದ ನೀರನ್ನು ಸೂಜಿ ಹಾಕಿ ತೆಗೆದರು, ಈಗ ಎಕ್ಸ್‌ರೇಯಲ್ಲಿ ಗಾಳಿ ಕಾಣುತ್ತಿದೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಆದರೆ ನಮ್ಮ ಅಮ್ಮನಿಗೂ ಇದೇ ಆಗಿತ್ತು.

ಅಮ್ಮನಿಗೆ ಟಿಬಿಯಿಂದ ನೀರು ತುಂಬಿತ್ತು. ಹೃದಯದ ಸುತ್ತ ಎರಡು ಪದರದ ಚೀಲ ಇರುತ್ತದೆ. ಅದರಲ್ಲಿ 15ರಿಂದ 50 ಎಂ.ಎಲ್. ನೀರು ಇರುವುದು ಸಹಜ. ಅಮ್ಮನಿಗೆ ಮುಕ್ಕಾಲು ಲೀಟರ್ ತೆಗೆದರು. ಉಳಿದದ್ದು ಬಸಿಯಲಿ ಅಂತ ಸಣ್ಣ ಟ್ಯೂಬ್ ಬಿಟ್ಟಿದ್ದರು. ಮಾರನೇ ದಿನ ಎಕ್ಸ್‌ರೇಯಲ್ಲಿ ಹೃದಯದ ಅಂಚಿನುದ್ದಕ್ಕೂ ಕಪ್ಪು ಪಟ್ಟಿ. ನನಗೆ ಕೈಕಾಲೇ ಆಡಲಿಲ್ಲ.

ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ಇಳಿಯುತ್ತದೆ. ಆಗ ಟ್ಯೂಬಿನ ಜೋಡಣೆ ಸಡಿಲ ಇದ್ದರೆ ಹೊರಗಿನ ಗಾಳಿ ಒಳಗೆ ಸೇರಿಕೊಳ್ಳುತ್ತದೆ. ಅಮ್ಮನಿಗೆ ಆಗಿದ್ದು ಇದೇ. ಸೂಜಿ ಶ್ವಾಸಕೋಶಕ್ಕೆ ತಾಗಿದರೂ ಆಗಬಹುದಂತೆ. ವೆಂಟಿಲೇಟರ್‌ನಲ್ಲಿರುವ ಎಳೆ ಮಕ್ಕಳಿಗೂ, ಹೃದಯದ ಆಪರೇಷನ್ ಆದವರಿಗೂ ಆಗುವುದುಂಟು. ನೋಡಲು ಬಂದ ನೆಂಟರೊಬ್ಬರು 'ಇಂಜೆಕ್ಷನ್ ಗಾಳಿ ರಕ್ತಕ್ಕೆ ಹೋಗಿದೆ' ಅಂತ ಹೆದರಿಸಿದರು. ಅದು ಬೇರೆ, ಇದು ಬೇರೆ. ಇಲ್ಲಿ ಗಾಳಿ ಇರುವುದು ರಕ್ತನಾಳದಲ್ಲಲ್ಲ, ಚೀಲದಲ್ಲಿ.

ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ನೀರು, ಗಾಳಿ ಎರಡೂ ಇದ್ದರೆ ಹೃದಯ ಬಡಿದಾಗಲೆಲ್ಲ ಚಳಕ್ ಚಳಕ್ ಅನ್ನುತ್ತದಂತೆ. 1844ರಲ್ಲಿ ಬ್ರಿಶೆತೋ ಅನ್ನುವ ಫ್ರೆಂಚ್ ಡಾಕ್ಟರ್ ಇದನ್ನು ನೀರಿನ ಗಿರಣಿಯ ಚಕ್ರದ ಸದ್ದಿಗೆ ಹೋಲಿಸಿದ್ದರು. ಬೋರ್‌ವೆಲ್ ನಂಬಿ ಬದುಕುವ ಕೋಲಾರದವರಿಗೆ ನೀರಿನ ಗಿರಣಿ ಎಲ್ಲಿ ಗೊತ್ತು? ತುಂಬಿದ ಕೊಡ ತುಳುಕಲ್ಲ ಅಂತಾರಲ್ವಾ, ಇದು ಅರ್ಧ ತುಂಬಿದ ಕೊಡ, ಅಷ್ಟೇ.

ಗಾಳಿ ಇದೆ ಅನ್ನುವುದಕ್ಕಿಂತ ಅದು ಹೃದಯವನ್ನು ಒತ್ತುತ್ತಿದೆಯಾ ಅನ್ನುವುದು ಮುಖ್ಯ. ಒತ್ತಿದರೆ ಬಿಪಿ ಇಳಿಯುತ್ತದೆ, ಎದೆಬಡಿತ ಜೋರಾಗುತ್ತದೆ, ಕತ್ತಿನ ನರ ಉಬ್ಬುತ್ತದೆ, ಉಸಿರು ಕಟ್ಟುತ್ತದೆ, ತಲೆ ಸುತ್ತುತ್ತದೆ. ಆಗ ಒಂದು ನಿಮಿಷವೂ ಕಾಯಬಾರದು, ಗಾಳಿಯನ್ನು ತಕ್ಷಣ ಹೊರತೆಗೆಯಬೇಕು. ಅಮ್ಮನ ಬಿಪಿ ಸರಿಯಾಗಿತ್ತು, ಎಕೋದಲ್ಲೂ (ಹೃದಯದ ಸ್ಕ್ಯಾನ್) ಒತ್ತಡ ಕಾಣಲಿಲ್ಲ. ಜೋಡಣೆ ಬಿಗಿ ಮಾಡಿ, ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು. ಅಮ್ಮ ಚೆನ್ನಾಗಿಯೇ ಉಸಿರಾಡುತ್ತಿದ್ದಾಳೆ, ಸುಮ್ನೆ ಬಿಲ್ ಏರಿಸ್ತಿದ್ದಾರೆ ಅಂದುಕೊಂಡಿದ್ದೆ. ಹಾಗಲ್ಲ. ಗಾಳಿಯಲ್ಲಿ ಜಾಸ್ತಿ ಇರುವುದು ನೈಟ್ರೋಜನ್. ಬರೀ ಆಕ್ಸಿಜನ್ ಉಸಿರಾಡಿದರೆ ರಕ್ತದಲ್ಲಿ ನೈಟ್ರೋಜನ್ ಕಡಿಮೆಯಾಗಿ, ಚೀಲದಲ್ಲಿ ಸಿಕ್ಕಿಕೊಂಡದ್ದನ್ನು ರಕ್ತ ಬೇಗ ಎಳೆದುಕೊಳ್ಳುತ್ತದೆ. ಐದನೇ ದಿನದ ಎಕ್ಸ್‌ರೇಯಲ್ಲಿ ಪಟ್ಟಿ ಇರಲಿಲ್ಲ.

ನಿಮ್ಮ ತಂದೆಯವರ ಬಿಪಿ ಈಗ ಎಷ್ಟಿದೆ, ಎಕೋ ಆಯ್ತಾ, ಮುಂದಿನ ಎಕ್ಸ್‌ರೇ ಯಾವಾಗ, ಇಷ್ಟು ಕೇಳಿ. ಗಾಳಿ ಪೂರ್ತಿ ಹೋಗಿದೆ ಅಂತ ಡಾಕ್ಟರ್ ಹೇಳುವ ತನಕ ವಿಮಾನ ಹತ್ತಿಸಬೇಡಿ. ಮೇಲೆ ಹೋದಂತೆ ಒಳಗಿನ ಗಾಳಿ ಹಿಗ್ಗುತ್ತದೆ.